ಗಾಂಧಿ ಕ್ಲಾಸಿನಿಂದ: ಕಟೌಟಿಗೆ ಹಾಲು, ಕಷ್ಟಕ್ಕೆ ರಕ್ತ!

ಅಭಿಮಾನಿ ಮಿತ್ರರೇ, ಈ ವಾರ ಯಾವ ನಟಿಯ ಮದುವೆ ಸುದ್ದಿಯೂ ಇಲ್ಲ. ಬೈಕೊಳ್ಳಿ, ಪರವಾಗಿಲ್ಲ. ಈ ಸಲ ನನ್ನದೇ ಒಂದು ಮಾನಗೇಡಿ ಕಥೆ.

ನಾನು ಬೇಲೂರು ತಾಲ್ಲೂಕಿನ ಅರೇಹಳ್ಳಿಯವನು. ಕಾಫಿ ತೋಟದ ಊರು. ಹೊಸ ಚಿತ್ರ ಬಂತೆಂದರೆ ನಾವು ಹನ್ನೆರಡು ಮಂದಿ ಬಸ್ಸು ಹತ್ತಿ ಬೇಲೂರಿಗೆ ಹೋಗಿ, ಕಟೌಟಿಗೆ ಹಾಲೆರೆದು, ಗಂಟಲು ಹರಿಯೋ ಹಾಗೆ ಕೂಗುತ್ತಿದ್ದೆವು: "ಅಣ್ಣಾ, ನಿನಗೋಸ್ಕರ ಪ್ರಾಣ ಬೇಕಾದ್ರೂ ಕೊಡ್ತೀವಿ!"

ಒಂದು ಮಳೆಗಾಲದ ಸಂಜೆ ತೋಟದ ಕೂಲಿಯವನೊಬ್ಬ ಬಸ್ ಸ್ಟ್ಯಾಂಡಿಗೆ ಓಡಿ ಬಂದ. ಹೆಂಡತಿಗೆ ಹೆರಿಗೆಯಾಗಿ ರಕ್ತ ನಿಲ್ಲುತ್ತಿಲ್ಲ, ಹಾಸನಕ್ಕೆ ಸಾಗಿಸಿದ್ದಾರೆ. "ಅಣ್ಣಾ, ಯಾರಾದ್ರೂ ರಕ್ತ ಕೊಡೋಕೆ ಬನ್ನಿ..." ಪ್ರಾಣ ಕೊಡೋ ವೀರರೆಲ್ಲ ಎಲ್ಲಿ? ಒಬ್ಬನಿಗೆ ಜ್ವರ, ಇನ್ನೊಬ್ಬನಿಗೆ ಅವ್ವ ಬೈತಾಳೆ. ನನಗೆ? ಹೊಟ್ಟೆನೋವು! ಇಲ್ಲದ ಹೊಟ್ಟೆನೋವು.

ಹೋದವನು ಯಾರು ಗೊತ್ತೇ? ಹೋಟೆಲಿನ ಮಾಣಿ. ನಾವು 'ಕಡ್ಡಿ ಪೈಲ್ವಾನ್' ಅಂತ ರೇಗಿಸುತ್ತಿದ್ದ ಹುಡುಗ. ತಕ್ಕಡಿ 48 ಕಿಲೋ ತೋರಿಸಿತಂತೆ. ಮಾರನೇ ದಿನ ನಗುನಗುತ್ತಾ ನನ್ನ ಮುಂದೆ ಕಾಫಿ ಲೋಟ ಇಟ್ಟ. ತಾಯಿ, ಮಗು ಇಬ್ಬರೂ ಉಳಿದಿದ್ದರು. ಆ ಕಾಫಿ ನನ್ನ ಗಂಟಲಲ್ಲಿ ಇಳಿಯಲಿಲ್ಲ.

ಅದೇ ವಾರ ಹನ್ನೆರಡೂ ಜನ ಹೋಗಿ ರಕ್ತದ ಗುಂಪು ಪರೀಕ್ಷೆ ಮಾಡಿಸಿಕೊಂಡೆವು. ಸೈಕಲ್ ಷಾಪಿನಲ್ಲಿ ಒಂದು ನೋಟ್ ಪುಸ್ತಕ ಇಟ್ಟೆವು: ಹೆಸರು, ಗುಂಪು, ಕೊನೇ ಸಲ ಕೊಟ್ಟ ದಿನ. ಈಗ ಆ ಪುಸ್ತಕ ಎಲ್ಲರ ಮೊಬೈಲಿನಲ್ಲಿದೆ.

ಹೆದರಿಕೆಯೇ? ಕೇಳಿ. 18 ವರ್ಷ ತುಂಬಿರಬೇಕು, ತೂಕ 45 ಕಿಲೋಗೆ ಕಮ್ಮಿ ಇರಬಾರದು. ತೆಗೆಯೋದು ಸಾಮಾನ್ಯವಾಗಿ 350 ಮಿಲಿ, ಅರ್ಧ ಲೀಟರೂ ಇಲ್ಲ. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ಒಂದು ಸಲ ಕೊಟ್ಟ ಮೇಲೆ ಗಂಡಸರು ಮೂರು ತಿಂಗಳು ಬಿಟ್ಟು ಮತ್ತೆ ಕೊಡಬಹುದು. ದುಡ್ಡಿಗೆ ರಕ್ತ ಮಾರೋದು ಸುಪ್ರೀಂ ಕೋರ್ಟಿನ ಆದೇಶದಂತೆ 1998ರ ಜನವರಿ 1ರಿಂದ ನಿಂತಿದೆ. ಆದ್ದರಿಂದ ನಿಮ್ಮಂಥವರು ಮನಸ್ಸು ಮಾಡಿದರೇ ಉಂಟು.

ನಮ್ಮನ್ನು 'ಅಭಿಮಾನಿ ದೇವರುಗಳು' ಎಂದವರು ಡಾ. ರಾಜ್‌ಕುಮಾರ್. 2006ರ ಏಪ್ರಿಲ್ 12ರಂದು ಹೋಗುವಾಗ ಕಣ್ಣು ಕೊಟ್ಟು ಹೋದರು. ಆದರೆ ಆ ಅಂತ್ಯಯಾತ್ರೆಯಲ್ಲಿ ಕಲ್ಲು, ಬೆಂಕಿ, ಗೋಲಿಬಾರು... ಜೀವಗಳೇ ಹೋದವು. ಅದೂ ಅಭಿಮಾನದ ಹೆಸರಿನಲ್ಲೇ! 2021ರ ಅಕ್ಟೋಬರ್ 29ರಂದು ಪುನೀತ್ ಹೋದಾಗ, ಅವರ ಎರಡು ಕಣ್ಣಿನ ಕಾರ್ನಿಯಾಗಳನ್ನು ಪದರ ಬಿಡಿಸಿ ನಾಲ್ವರಿಗೆ ಹಾಕಿದರು. ಆಮೇಲೆ ಕಣ್ಣುದಾನಕ್ಕೆ ಹೆಸರು ಬರೆಸಲು ಹುಡುಗರು ಮುಗಿಬಿದ್ದರು.

ಬರೆಸಿದವರಿಗೆ ಒಂದು ಮಾತು. ಫಾರ್ಮು ತುಂಬಿ ಜೇಬಿನಲ್ಲಿಟ್ಟರೆ ಸಾಲದು. ಕಣ್ಣು ತೆಗೆಯಬೇಕಾದ್ದು ಸುಮಾರು ಆರು ಗಂಟೆಯೊಳಗೆ, ಆಗ ಒಪ್ಪಿಗೆ ಕೊಡಬೇಕಾದವರು ಮನೆಯವರು. ಇವತ್ತೇ ಅವ್ವನಿಗೆ ಹೇಳಿಡಿ. ಬೈದರೆ ಬೈಸಿಕೊಳ್ಳಿ!

ಶಿಳ್ಳೆ ಹೊಡೆಯಬೇಡಿ ಅಂತ ನಾನನ್ನೋಲ್ಲ. ನಾನೂ ಹೊಡೀತೀನಿ. ಆದರೆ ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ "ಅಣ್ಣಾ" ಅಂತ ಕೂಗಿದರೆ, ಹೊಟ್ಟೆನೋವು ಅನ್ನಬೇಡಿ. ಆ ಕಾಫಿಯ ರುಚಿ ನನಗೆ ಗೊತ್ತು.

ಮುಂದಿನ ವಾರ ಇದೇ ಬೆಂಚಿನಲ್ಲಿ ಸಿಗೋಣ.