ಎತ್ತು ಏರಿಗೆ, ಕೋಣ ನೀರಿಗೆ

ಹೊಸೂರಿಗೆ ಸನಿಹದಲ್ಲಿರುವ ನಮ್ಮ ಅವಲಪಲ್ಲಿಯಲ್ಲಿ ಭಾನುವಾರದ ಬೆಳಗ್ಗೆ ಜಗಲಿಯ ಮೇಲೆ ಕುಳಿತರೆ, ಬೆಂಗಳೂರಿನ ಕಡೆಯಿಂದ ಬರುವ ಜೀಪುಗಳನ್ನು ನೋಡುವುದೇ ಒಂದು ಕಾಲಕ್ಷೇಪ. ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಎಳೆತ ದೊರೆಯುವ ಎತ್ತರದ ವಾಹನ ಯಾವ ಕಂಪೆನಿಯದಾದರೂ ನಮ್ಮ ಕಡೆಯವರ ಬಾಯಲ್ಲಿ ಅದು ಜೀಪೇ. ಕೆಲವರಪಳ್ಳಿ ಜಲಾಶಯವನ್ನು ನೋಡಿಕೊಂಡು ಹೋಗಲು ಬರುವ ಈ ವಾಹನಗಳ ಟೈರುಗಳಾದರೋ, ಟ್ರ್ಯಾಕ್ಟರಿನ ಟೈರಿಗೆ ತಮ್ಮಂದಿರೋ ಎಂಬಂತೆ ದಪ್ಪ ದಪ್ಪ ಬಟನ್ನುಗಳನ್ನು ಹೊತ್ತು, ಟಾರು ರಸ್ತೆಯ ಮೇಲೆ ಜೇನುಹುಳುಗಳಂತೆ ಝೇಂಕರಿಸುತ್ತ ಸಾಗುತ್ತವೆ. ಬೀದಿಯ ಮಕ್ಕಳು ಅವುಗಳ ಹಿಂದೆ ಓಡುತ್ತಾರೆ. ನಾವೂ ಕಣ್ಣರಳಿಸಿ ನೋಡುತ್ತೇವೆ. ನೋಡುವುದಕ್ಕೇನೂ ಖರ್ಚಿಲ್ಲವಷ್ಟೆ!

ಆದರೆ ಅಂತಹ ಟೈರನ್ನು ಕೊಳ್ಳುವ ಪ್ರಸಂಗ ಬಡವನಿಗೆ ಒದಗಿದಾಗ ಖರ್ಚಿನ ಮಾತು ಬಂದೇ ಬರುತ್ತದೆ. ಕಳೆದ ತಿಂಗಳು ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಮನೆಗೆ ಬಂದಿದ್ದನು. ಡೆಂಕಣಿಕೋಟೆಯ ಆಚೆ, ಅಂಚೆಟ್ಟಿಯ ದಾರಿಯಿಂದ ಒಳಕ್ಕೆ ತಿರುಗಿ ಬೆಟ್ಟ ಹತ್ತುವ ಒಂದು ಹಳ್ಳಿ ಅವನದು. ಸ್ವಂತ ಜೀಪೊಂದನ್ನು ಇಟ್ಟುಕೊಂಡು ಬಾಡಿಗೆಗೆ ಓಡಿಸುತ್ತಾನೆ. ಬೆಳಗಿನ ಜಾವ ಹೂವು, ತರಕಾರಿ; ಆಮೇಲೆ ಶಾಲೆಯ ಮಕ್ಕಳು; ನಡುವೆ ಯಾರಿಗಾದರೂ ಹೆರಿಗೆ ನೋವು ಬಂದರೆ ಆಸ್ಪತ್ರೆಗೂ ಅದೇ ಜೀಪು.

“ಸಾರ್, ಮುಂದಿನ ಎರಡು ಟೈರು ಪೂರ್ತಿ ಸವೆದುಹೋಗಿವೆ. ಆ ಬೆಂಗಳೂರು ಜೀಪುಗಳಿಗೆ ಇರುತ್ತವಲ್ಲ, ಅಂಥವು ಒಂದು ಜೊತೆ ಹಾಕಿಸಿಬಿಡೋಣ ಅಂತಿದ್ದೀನಿ. ಸ್ವಲ್ಪ ದೊಡ್ಡ ಸೈಜು. ಗಾಡಿ ಎತ್ತರವಾಗುತ್ತೆ, ಬೆಟ್ಟಕ್ಕೂ ಚೆನ್ನ. ನೀವೇನಂತೀರಿ?” ಎಂದು ಕೇಳಿದನು.

ಅವನು ನಮ್ಮನ್ನೇ ಕೇಳಿದ್ದಕ್ಕೆ ಕಾರಣವುಂಟು. ಆ ಕಾರಣವನ್ನು ವಾಚಕರ ಮುಂದೆ ಮುಚ್ಚಿಡುವುದು ಉಚಿತವಲ್ಲ.

ಸುಮಾರು ಹನ್ನೆರಡು ವರ್ಷಗಳ ಹಿಂದೆ ನಾವು ಅವನ ಹಳ್ಳಿಯ ಶಾಲೆಯಲ್ಲಿದ್ದೆವು. ಅಲ್ಲಿ ನಮ್ಮ ಬಳಿ ಓದಿ ಮೇಲಿನ ತರಗತಿಗೆ ಹೋಗಿದ್ದ ಆರು ಮಕ್ಕಳು ಆ ವರ್ಷ ಹತ್ತನೆಯ ತರಗತಿಯ ಪರೀಕ್ಷೆಗೆ ಕುಳಿತಿದ್ದರು. ಬೆಳಗಿನ ಬಸ್ಸನ್ನು ನಂಬುವಂತಿರಲಿಲ್ಲವಾಗಿ, ಊರಿನವರೆಲ್ಲ ಸೇರಿ ಒಂದು ಹಳೆಯ ಜೀಪನ್ನು ಗೊತ್ತುಮಾಡಿದರು. ಅದರ ಎರಡು ಟೈರುಗಳನ್ನು ಬದಲಾಯಿಸಬೇಕೆಂದು ಚಾಲಕನು ಹೇಳಿದಾಗ, ಮನೆಮನೆಯಿಂದ ಹಣ ಕೂಡಿಸಿ, ಪೇಟೆಗೆ ಹೋಗಿ ಟೈರು ಆರಿಸಿದವರು ನಾವೇ. ಹಿಂದಿನ ಟೈರುಗಳ ಅಳತೆಯನ್ನು ನೋಡಿಕೊಳ್ಳದೆ, ಅಗ್ಗವಾಗಿ ಸಿಕ್ಕಿತೆಂದು ಕೊಂಚ ದೊಡ್ಡ ಅಳತೆಯ ಜೊತೆಯೊಂದನ್ನು ಮುಂದಿನ ಚಕ್ರಗಳಿಗೆ ಹಾಕಿಸಿದೆವು. ಉಳಿದ ಹಣವನ್ನು ಹಿಂದಿರುಗಿಸಿ ಊರಿನವರಿಂದ ಮೆಚ್ಚುಗೆಯನ್ನೂ ಪಡೆದೆವು.

ಪರೀಕ್ಷೆಯ ಎರಡನೆಯ ದಿನ. ಕಲ್ಲುಮಣ್ಣಿನ ಇಳಿಜಾರಿನಲ್ಲಿ ನಾಲ್ಕು ಚಕ್ರಗಳ ಎಳೆತವನ್ನು ಹಾಕಿಕೊಂಡು ಜೀಪು ಕೆಳಕ್ಕೆ ಬಂದಿತು. ಟಾರು ರಸ್ತೆಗೆ ಬಂದ ಮೇಲೆ ಆ ಎಳೆತವನ್ನು ತೆಗೆಯಲು ಚಾಲಕನು ಗೇರಿನ ಪಕ್ಕದ ಚಿಕ್ಕ ಕೋಲನ್ನು ಎಳೆದರೆ ಅದು ಅಲುಗಲೊಲ್ಲದು. ಸ್ಟಿಯರಿಂಗು ಬಿಗಿಯಾಯಿತು. ಹೊತ್ತಾಗುವುದೆಂಬ ಆತುರದಲ್ಲಿ ಹಾಗೆಯೇ ಓಡಿಸಿದೆವು. ಎರಡು ಮೈಲಿ ಹೋಗುವಷ್ಟರಲ್ಲಿ ಕೆಳಗಿನಿಂದ ‘ಟಣ್’ ಎಂಬ ಶಬ್ದ; ಮುಂದಿನ ಚಕ್ರಗಳಿಗೆ ಎಳೆತ ಒಯ್ಯುವ ದಂಡದ ಜೋಡಣೆ ಮುರಿದಿತ್ತು. ಕಾಡಿನ ನಡುವೆ ಆರು ಮಕ್ಕಳು, ಕೈಯಲ್ಲಿ ಹಾಲ್ ಟಿಕೆಟ್ಟು. ಟೊಮೆಟೊ ತುಂಬಿಕೊಂಡು ಬಂದ ಲಾರಿಯೊಂದರ ಪುಣ್ಯಾತ್ಮನು ನಮ್ಮನ್ನು ಹತ್ತಿಸಿಕೊಂಡನು. ಗಂಟೆ ಬಾರಿಸಲು ಕೆಲವೇ ನಿಮಿಷಗಳಿರುವಾಗ ಮಕ್ಕಳು ಒಳಕ್ಕೆ ಓಡಿದರು. ಸಂಜೆ ಅವರಲ್ಲೊಬ್ಬಳು, “ಮೊದಲ ಅರ್ಧ ಗಂಟೆ ಕೈ ನಡುಗುತ್ತಲೇ ಇತ್ತು ಸಾರ್” ಎಂದಳು. ಅಂದಿನ ಪರೀಕ್ಷೆ ಗಣಿತದ್ದು. ಆ ಮಾತು ಇಂದಿಗೂ ನಮ್ಮ ಕಿವಿಯಲ್ಲಿದೆ. ಟೈರು ಕೇಳಲು ಬಂದ ಈ ಹುಡುಗನೂ ಆ ಆರು ಮಂದಿಯಲ್ಲಿ ಒಬ್ಬನೇ.

ವೃತ್ತದ ಪರಿಧಿಯನ್ನು ವರ್ಷ ವರ್ಷವೂ ಕಪ್ಪು ಹಲಗೆಯ ಮೇಲೆ ಬರೆಯುವ ನಾವು, ಅದೇ ಲೆಕ್ಕವನ್ನು ಅಂಗಡಿಯಲ್ಲಿ ಮರೆತಿದ್ದೆವು. ಆದುದರಿಂದ ಈ ಸಲ ಹುಡುಗನನ್ನು ಕೂರಿಸಿ ಕಾಗದ, ಪೆನ್ಸಿಲು ಕೊಟ್ಟೆವು.

ಅವನ ಜೀಪಿಗೆ ತಯಾರಕರು ಗೊತ್ತುಮಾಡಿರುವ ಟೈರಿನ ಅಳತೆ 215/75 ಆರ್ 15. ಇದು ಬಾಗಿಲಿನ ಒಳಬದಿಯ ಪಟ್ಟಿಯಲ್ಲಾಗಲಿ, ಕೈಪಿಡಿಯಲ್ಲಾಗಲಿ ಇರುತ್ತದೆ. ಮೊದಲ ಅಂಕಿ ಟೈರಿನ ಅಗಲ, ಮಿಲಿಮೀಟರುಗಳಲ್ಲಿ. ಎರಡನೆಯದು ಪಕ್ಕದ ಗೋಡೆಯ ಎತ್ತರವು ಅಗಲದ ಶೇಕಡಾ ಎಷ್ಟು ಎಂಬುದು. ‘ಆರ್’ ಎಂದರೆ ರೇಡಿಯಲ್. ಒಳಗಿನ ದಾರಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಹಾದಿರುವ ಈ ಕ್ರಮಕ್ಕೆ ಫ್ರಾನ್ಸಿನ ಮಿಷೆಲಿನ್ ಕಂಪೆನಿಯು 1946ರಲ್ಲಿ ಹಕ್ಕುಪತ್ರ ಪಡೆಯಿತು. ಕಡೆಯ 15 ಎಂಬುದು ರಿಮ್ಮಿನ ವ್ಯಾಸ, ಅಂಗುಲಗಳಲ್ಲಿ. ಹಳೆಯ ಜೀಪುಗಳಲ್ಲಿದ್ದ 6.00-16 ಎಂಬ ಬರಹ ಅದಕ್ಕೂ ಹಿಂದಿನ, ದಾರಗಳು ಓರೆಯಾಗಿ ಹಾದಿರುವ ನೈಲಾನ್ ಟೈರಿನದು. ಈ ಎರಡು ಜಾತಿಗಳನ್ನು ಒಂದೇ ವಾಹನದಲ್ಲಿ ಬೆರೆಸಲಾಗದು.

ಈಗ ಲೆಕ್ಕ. 215ರ ಶೇಕಡಾ 75 ಎಂದರೆ 161.25. ಮೇಲೊಂದು, ಕೆಳಗೊಂದು ಗೋಡೆಯಿರುವುದರಿಂದ ಅದರ ಎರಡರಷ್ಟು, 322.5. ರಿಮ್ಮಿನ 15 ಅಂಗುಲಕ್ಕೆ 381. ಕೂಡಿದರೆ ಟೈರಿನ ವ್ಯಾಸ 703.5 ಮಿಲಿಮೀಟರು, ಪರಿಧಿ ಸುಮಾರು 2,210. ಅಂದರೆ ಒಂದು ಕಿಲೋಮೀಟರು ಸಾಗಲು ಚಕ್ರವು 452 ಸುತ್ತು ಸುತ್ತಬೇಕು. ಹುಡುಗನು ಹಾಕಿಸಬಯಸಿದ್ದ ದೊಡ್ಡ ಅಳತೆ 235/75 ಆರ್ 15. ಅದರ ವ್ಯಾಸ 733.5, ಒಂದು ಕಿಲೋಮೀಟರಿಗೆ 434 ಸುತ್ತು. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಕಿಲೋಮೀಟರಿಗೆ 18 ಸುತ್ತುಗಳ ಅಂತರ!

“ಅಂತರವಿದ್ದರೇನಾಯಿತು ಸಾರ್?” ಎಂದನು ಹುಡುಗ.

ಹಿಂದಿನ ಚಕ್ರಗಳಿಗೆ ಮಾತ್ರ ಎಳೆತವಿರುವಾಗ ಹೆಚ್ಚೇನೂ ಆಗದು. ಆದರೆ ಆ ಚಿಕ್ಕ ಕೋಲನ್ನು ಎಳೆದು ನಾಲ್ಕು ಚಕ್ರಗಳಿಗೂ ಎಳೆತ ಕೊಟ್ಟೊಡನೆ, ಮುಂದಿನ ಅಚ್ಚೂ ಹಿಂದಿನ ಅಚ್ಚೂ ಒಂದೇ ನೊಗಕ್ಕೆ ಕಟ್ಟಿದ ಜೋಡಿಯಾಗುತ್ತವೆ. ಒಂದೇ ಸಮನೆ ಸುತ್ತಲೇಬೇಕು. ಚಕ್ರಗಳ ಅಳತೆಯೇ ಬೇರೆಯಾದರೆ? ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆ ಅಕ್ಷರಶಃ ನಿಜವಾಗುತ್ತದೆ. ಕೆಸರಿನಲ್ಲಿ, ಸಡಿಲ ಮಣ್ಣಿನಲ್ಲಿ ಚಕ್ರಗಳು ಅಷ್ಟಿಷ್ಟು ಜಾರಿ ಆ ಬಿಗಿತವನ್ನು ಕಳೆದುಕೊಳ್ಳುತ್ತವೆ. ಟಾರಿನ ಮೇಲೆ ಜಾರಲು ಎಡೆಯಿಲ್ಲ. ಬಿಗಿತವೆಲ್ಲವೂ ಒಳಗಿನ ಗೇರುಗಳ ಮೇಲೆ, ದಂಡಗಳ ಮೇಲೆ ಕೂಡುತ್ತ ಹೋಗಿ, ಎಲ್ಲಿ ದುರ್ಬಲವೋ ಅಲ್ಲಿ ಮುರಿಯುತ್ತದೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಸಾಗಬೇಕಾದುದರಿಂದ, ಟೈರುಗಳು ಸಮವಾಗಿದ್ದರೂ ಇಂತಹ ವಾಹನಗಳಲ್ಲಿ ಒಣ ಟಾರಿನ ಮೇಲೆ ನಾಲ್ಕು ಚಕ್ರಗಳ ಎಳೆತವನ್ನು ಹಾಕಬಾರದು. ಕೋಲೇ ಇಲ್ಲದೆ ಸದಾ ನಾಲ್ಕೂ ಚಕ್ರಗಳಿಗೆ ಎಳೆತ ಹೋಗುವ ಹೊಸ ಬಗೆಯ ವಾಹನಗಳಲ್ಲಿಯೂ ನಾಲ್ಕು ಟೈರುಗಳ ಸಮತೆಯು ಅತ್ಯಗತ್ಯ.

ಒಂದೇ ಅಳತೆಯ ಹೊಸದನ್ನೂ ಹಳೆಯದನ್ನೂ ಬೆರೆಸಿದರೂ ತೊಂದರೆ ಪೂರ್ತಿ ತಪ್ಪದು. ಆರು ಮಿಲಿಮೀಟರು ಸವೆದ ಟೈರಿನ ವ್ಯಾಸ ಹನ್ನೆರಡು ಮಿಲಿಮೀಟರು ಕಡಿಮೆ. ಕಿಲೋಮೀಟರಿಗೆ ಎಂಟು ಸುತ್ತು ಹೆಚ್ಚು. ಆದುದರಿಂದ ನಾಲ್ಕನ್ನೂ ಒಟ್ಟಿಗೆ, ಒಂದೇ ಕಂಪೆನಿಯ, ಒಂದೇ ಮಾದರಿಯವನ್ನು ಕೊಳ್ಳುವುದೇ ಸರಿಯಾದ ಮಾರ್ಗ. ಸ್ಟೆಪ್ನಿಯೂ ಅದೇ ಅಳತೆಯದಾಗಿರಲಿ. ಸುಮಾರು 10,000 ಕಿಲೋಮೀಟರಿಗೊಮ್ಮೆ ಸ್ಥಾನ ಬದಲಾಯಿಸುತ್ತ ಬಂದರೆ ಎಲ್ಲವೂ ಒಟ್ಟಿಗೆ ಸವೆಯುತ್ತವೆ. ಕೈಯಲ್ಲಿ ಎರಡಕ್ಕೆ ಮಾತ್ರ ಹಣವಿದ್ದರೆ, ಹೊಸ ಜೊತೆಯು ಹಳೆಯದರ ಅಳತೆ, ಮಾದರಿಗಳದ್ದೇ ಆಗಿರಲಿ, ಒಂದೇ ಅಚ್ಚಿನಲ್ಲಿರಲಿ, ಮಳೆಯಲ್ಲಿ ಹಿಂಭಾಗವು ಜಾರದಂತೆ ಹಿಂದಿನ ಚಕ್ರಗಳಿಗಿರಲಿ, ಉಳಿದೆರಡು ಬರುವವರೆಗೆ ಆ ಕೋಲನ್ನು ಕೆಸರಿನಲ್ಲಲ್ಲದೆ ಮುಟ್ಟದಿರಲಿ.

ದೊಡ್ಡ ಟೈರಿನ ಆಸೆಗೆ ಇನ್ನೂ ಒಂದು ಉತ್ತರವಿದೆ. ವ್ಯಾಸವು ಶೇಕಡಾ ನಾಲ್ಕು ಹೆಚ್ಚಿದರೆ ಗೇರಿನ ಎಳೆತ ಹೆಚ್ಚುಕಡಿಮೆ ಅಷ್ಟೇ ತಗ್ಗುತ್ತದೆ. ಬೆಟ್ಟ ಹತ್ತುವವನಿಗೆ ಬೇಕಾದುದು ಅದೇ ಎಳೆತ! ವೇಗದ ಮುಳ್ಳು 60 ತೋರಿಸುವಾಗ ನಿಜವಾದ ವೇಗ 62ನ್ನು ದಾಟಿರುತ್ತದೆ. ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿದಾಗ ಟೈರು ಮಡ್‌ಗಾರ್ಡಿಗೆ ಉಜ್ಜುವುದೂ ಉಂಟು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಜೀಪಿಗೂ ಸಲ್ಲುವ ಮಾತು.

ಇನ್ನು ಯಾವ ಜಾತಿಯ ಟೈರು? ಅಂಗಡಿಯಲ್ಲಿ ಮೂರು ಹೆಸರು ಹೇಳುತ್ತಾರೆ. ಎಚ್‌ಟಿ ಎಂಬುದು ಹೆದ್ದಾರಿಯದು. ಸದ್ದಿಲ್ಲ, ಒದ್ದೆ ಟಾರಿನ ಮೇಲೂ ಹಿಡಿತ ಚೆನ್ನು, ಆದರೆ ಅದರ ಸಣ್ಣ ಗೆರೆಗಳಲ್ಲಿ ನಮ್ಮ ಕೆಮ್ಮಣ್ಣು ಮೆತ್ತಿಕೊಂಡರೆ ಟೈರು ನುಣ್ಣನೆಯ ಉರುಳೆಯಾಗುತ್ತದೆ. ಎಂಟಿ ಎಂಬುದು ಕೆಸರಿನದು. ಬಟನ್ನುಗಳ ನಡುವಿನ ಅಗಲವಾದ ಎಡೆಯಿಂದ ಮಣ್ಣು ತಾನಾಗಿ ಉದುರುತ್ತದೆ, ಆದರೆ ಟಾರಿನ ಮೇಲೆ ಸದ್ದು, ಬೇಗ ಸವೆತ, ಹೆಚ್ಚು ಡೀಸೆಲ್ಲು. ಮಳೆಯಲ್ಲಿ ಬ್ರೇಕು ಹಾಕಿದರೆ ನಿಲ್ಲಲು ಹೆಚ್ಚು ದೂರ ಬೇಕು. ಎಟಿ ಎಂಬುದು ಇವೆರಡರ ನಡುವಿನದು. “ದಿನಕ್ಕೆ ಎಷ್ಟು ಟಾರು, ಎಷ್ಟು ಮಣ್ಣು?” ಎಂದು ಹುಡುಗನನ್ನು ಕೇಳಿದೆವು. ಲೆಕ್ಕ ಹಾಕಿ, “ಹತ್ತರಲ್ಲಿ ಎಂಟು ಪಾಲು ಟಾರೇ ಸಾರ್. ಮಿಕ್ಕ ಎರಡು ಪಾಲು ಕಲ್ಲು, ಮಣ್ಣು” ಎಂದನು. ಆ ಎರಡು ಪಾಲನ್ನು ಬಿಡುವಂತಿಲ್ಲ. ಎಂಟು ಪಾಲಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಜಾರುವಂತಿಲ್ಲ. ಹಾಗಾದರೆ ಅವನಿಗೆ ಎಟಿಯೇ ಸರಿ. ವಾರವೆಲ್ಲ ಕೆಸರಿನಲ್ಲಿ ಮರ ಎಳೆಯುವವನ ಉತ್ತರ ಬೇರೆಯಾದೀತು. ಟೈರನ್ನು ಆರಿಸಬೇಕಾದುದು ವಾಹನವು ನಿತ್ಯ ನಡೆಯುವ ದಾರಿ. ಪಕ್ಕದಲ್ಲಿ ನಿಂತು ನೋಡುವವರ ಕಣ್ಣಲ್ಲ.

ಮರುದಿನ ಅವನೊಡನೆ ಹೊಸೂರಿನ ಅಂಗಡಿಗೆ ನಾವೂ ಹೋದೆವು. ಅಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ನಾಲ್ಕರಲ್ಲಿಯೂ ಚೌಕಾಸಿ ನಡೆಯುತ್ತಿತ್ತು. ಭಾಷೆ ನಾಲ್ಕಾದರೂ ಟೈರಿನ ಮೇಲಿನ ಬರಹ ಎಲ್ಲರಿಗೂ ಒಂದೇ. ಅದನ್ನು ಓದಬಲ್ಲವನಿಗೆ ಮೋಸವಿಲ್ಲ. ಅಳತೆಯ ಮುಂದೆ ‘100 ಎಸ್’ ಎಂದಿದ್ದರೆ, ಆ ಟೈರು 800 ಕಿಲೋಗ್ರಾಂ ಭಾರವನ್ನು ಹೊರಬಲ್ಲುದು, ಗಂಟೆಗೆ 180 ಕಿಲೋಮೀಟರು ವೇಗದವರೆಗೆ ತಾಳಬಲ್ಲುದು ಎಂದರ್ಥ. ತಯಾರಕರು ಹೇಳಿದುದಕ್ಕಿಂತ ಕಡಿಮೆಯದನ್ನು ಹಾಕಿಸಕೂಡದು. ಐಎಸ್‌ಐ ಗುರುತು ಇದೆಯೇ ನೋಡಬೇಕು. ತಯಾರಿಕೆಯ ಕಾಲವನ್ನು ನಾಲ್ಕು ಅಂಕಿಗಳಲ್ಲಿ ಒತ್ತಿರುತ್ತಾರೆ: 2324 ಎಂದರೆ 2024ರ ಇಪ್ಪತ್ತಮೂರನೆಯ ವಾರ. ರಬ್ಬರು ಓಡದೆ ಮೂಲೆಯಲ್ಲಿ ಬಿದ್ದಿದ್ದರೂ ಮುಪ್ಪಾಗುತ್ತದೆ, ಬಿರುಕು ಬಿಡುತ್ತದೆ. ನಮಗೆ ಮೊದಲು ತೋರಿಸಿದ ನಾಲ್ಕರಲ್ಲಿ ಒಂದು, ಉಳಿದವುಗಳಿಗಿಂತ ಮೂರು ವರ್ಷ ಹಿರಿಯದಾಗಿತ್ತು. ಹುಡುಗನೇ ಅದನ್ನು ಓದಿ ಹಿಂದಕ್ಕೆ ಕೊಟ್ಟನು. ನಮಗೆ ಅಂದು ಆದ ಸಂತೋಷ, ಅವನು ಪರೀಕ್ಷೆಯಲ್ಲಿ ತೇರ್ಗಡೆಯಾದಾಗ ಆದುದಕ್ಕಿಂತ ಕಡಿಮೆಯದೇನಲ್ಲ.

ಹಣದ ಮಾತು ಉಳಿಯಿತಲ್ಲವೆ? ಎರಡು ಆಡಂಬರದ ಟೈರುಗಳಿಗೆಂದು ತಂದಿದ್ದ ಹಣ ನಾಲ್ಕು ಸಾಧಾರಣ ಟೈರುಗಳಿಗೆ ಸಾಲಲಿಲ್ಲ. ಅವನ ತಾಯಿ ಕಟ್ಟುತ್ತಿದ್ದ ಚೀಟಿಯ ಹಣವನ್ನು ಎತ್ತಿಕೊಟ್ಟರು. ಜೀಪು ಎತ್ತರವಾಗಲಿಲ್ಲ, ಮಕ್ಕಳು ಅದರ ಹಿಂದೆ ಓಡುವುದೂ ಇಲ್ಲ. ಅವನ ಮುಖದಲ್ಲಿ ಕೊಂಚ ನಿರಾಸೆಯಿದ್ದುದನ್ನು ನಾವು ಕಂಡೆವು. ಅದು ಸಹಜವೇ.

ಮನೆಯಲ್ಲಿ ಜೀಪೋ ಕಾರೋ ಉಳ್ಳ ವಾಚಕರು ಈ ಭಾನುವಾರ ಒಂದು ಕೆಲಸ ಮಾಡಬಹುದು. ಹೈಸ್ಕೂಲಿನಲ್ಲಿ ಓದುವ ಮಗನನ್ನೋ ಮಗಳನ್ನೋ ಜಾಮಿಟ್ರಿ ಪೆಟ್ಟಿಗೆಯ ಸ್ಕೇಲಿನೊಡನೆ ಕರೆಯಿರಿ. ನಾಲ್ಕು ಟೈರುಗಳ ಗೆರೆಗಳ ಆಳವನ್ನು ಅಂಚಿನಲ್ಲಿ, ನಡುವಿನಲ್ಲಿ ಅಳೆಯಲಿ. ಗೆರೆಯ ತಳದಲ್ಲಿ ಅಡ್ಡಲಾಗಿರುವ ಸಣ್ಣ ದಿಬ್ಬಗಳ ಮಟ್ಟಕ್ಕೆ, ಅಂದರೆ 1.6 ಮಿಲಿಮೀಟರಿಗೆ ರಬ್ಬರು ಇಳಿದಿದ್ದರೆ ಆ ಟೈರಿನ ಆಯುಸ್ಸು ಮುಗಿಯಿತು. ನಡು ಮಾತ್ರ ಸವೆದಿದ್ದರೆ ಗಾಳಿ ಹೆಚ್ಚಾಗಿದೆ. ಎರಡಂಚೂ ಸವೆದಿದ್ದರೆ ಗಾಳಿ ಕಡಿಮೆ. ಒಂದೇ ಅಂಚು ಸವೆದಿದ್ದರೆ ಚಕ್ರದ ಅಲೈನ್‌ಮೆಂಟು ತಪ್ಪಿದೆ. ಗಾಳಿಯನ್ನು ಬೆಳಗ್ಗೆ ವಾಹನ ಹೊರಡುವ ಮುನ್ನ, ಟೈರು ತಣ್ಣಗಿರುವಾಗಲೇ ನೋಡಬೇಕು. ಕಡೆಗೆ ನಾಲ್ಕರ ಅಂಕಿಗಳನ್ನೂ ಸಾಲಾಗಿ ಬರೆದು ಹೋಲಿಸಲಿ. ಪರಿಧಿಯ ಲೆಕ್ಕ ಏಕೆ ಬೇಕೆಂದು ಆ ಮಗುವಿಗೆ ಮತ್ತೆ ಯಾರೂ ಹೇಳಬೇಕಾಗುವುದಿಲ್ಲ.

ಮೊನ್ನೆ ಜೋರು ಮಳೆ ಬಂದ ರಾತ್ರಿ ಹುಡುಗನಿಂದ ಫೋನು ಬಂದಿತು. ಬೆಟ್ಟದಿಂದ ಒಬ್ಬ ಗರ್ಭಿಣಿಯನ್ನು ಇಳಿಸಿಕೊಂಡು ಬಂದು ಆಸ್ಪತ್ರೆ ಸೇರಿಸಿದನಂತೆ. “ಟಾರು ಸಿಕ್ಕಿದ ಕೂಡಲೇ ಕೋಲು ಸಲೀಸಾಗಿ ಬಂತು ಸಾರ್” ಎಂದನು. ಹೆಣ್ಣು ಮಗುವಂತೆ, ತಾಯಿ ಮಗು ಕ್ಷೇಮ.