ಬಿಡುವುದಕ್ಕೂ ಒಂದು ಕ್ರಮವಿದೆ

ಭಾದ್ರಪದ ಶುಕ್ಲ ಪಂಚಮಿಯಂದು ಬಸದಿಗಳಲ್ಲಿ ದಶಲಕ್ಷಣ ಪರ್ವ ಆರಂಭವಾಗುತ್ತದೆ. ಹೆಚ್ಚುಕಡಿಮೆ ಅದೇ ದಿನಗಳಲ್ಲಿ ಪ್ರೌಢಶಾಲೆಗಳ ಹೋಬಳಿ ಮತ್ತು ತಾಲ್ಲೂಕು ಮಟ್ಟದ ಕ್ರೀಡಾಕೂಟಗಳೂ ನಡೆಯುತ್ತವೆ. ಎಂಟನೆಯ ದಿನ ಉತ್ತಮ ತ್ಯಾಗದ ಪ್ರವಚನವನ್ನು ಕೇಳಿ ಮನೆಗೆ ಮರಳಿದ ತಂದೆಯ ಮುಂದೆ, ಅದು ಶಿಕಾರಿಪುರವಾಗಲಿ ಸೊರಬವಾಗಲಿ, ತ್ಯಾಗದ ಪ್ರಶ್ನೆಯೊಂದು ಕಾದು ಕುಳಿತಿರುತ್ತದೆ. ಹತ್ತನೆಯ ತರಗತಿಯ ಮಗಳು ಖೊ-ಖೊ ಆಟವನ್ನು ಮುಂದುವರಿಸಬೇಕೇ, ನಿಲ್ಲಿಸಬೇಕೇ?

ಮನೆಯಲ್ಲಿ ಎಲ್ಲರಿಗೂ ಒಂದೊಂದು ಅಭಿಪ್ರಾಯ. 625ಕ್ಕೆ ಎಷ್ಟು ಅಂಕ ಬಂದರೆ ಶಿವಮೊಗ್ಗದಲ್ಲೋ ಮೂಡುಬಿದಿರೆಯಲ್ಲೋ ವಿಜ್ಞಾನ ವಿಭಾಗ ದೊರೆತೀತೆಂಬುದು ತಾಯಿಯ ಚಿಂತೆ. ಆಟದ ಪ್ರಮಾಣಪತ್ರವಿದ್ದರೆ ಮುಂದೆ ಕ್ರೀಡಾ ಕೋಟಾದಲ್ಲಿ ಸೀಟು ಸಿಗುತ್ತದೆಂಬುದು ದೊಡ್ಡಪ್ಪನ ಲೆಕ್ಕ. ‘ಬಿಸಿಲಲ್ಲಿ ಓಡಿ ಓಡಿ ಮಗು ಕರಗಿಹೋಯ್ತು, ಸಾಕು ಮಾಡ್ಸಪ್ಪಾ’ ಎಂಬುದು ಅಜ್ಜಿಯ ಮಾತು. ಮಗಳು ಮಾತ್ರ ತಟ್ಟೆಯನ್ನು ನೋಡುತ್ತ ಕುಳಿತಿರುತ್ತಾಳೆ. ಅವಳನ್ನು ಕೇಳಿದವರಾರು?

ಧರ್ಮದ ಹೆಸರಿನಲ್ಲಿ ಹೇಳುವ ಒಂದು ಮಾತನ್ನು ಮೊದಲು ಪರಿಶೀಲಿಸಬೇಕು. ಆಟವೆಂಬುದೇ ಪ್ರಮಾದ, ಶ್ರಾವಕರ ಮನೆಯ ಮಗುವಿಗೆ ಅದೇಕೆ ಎನ್ನುವ ಹಿರಿಯರಿದ್ದಾರೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡಗಳನ್ನು ವಿವರಿಸುವಾಗ ಪ್ರಮಾದಚರ್ಯೆಯನ್ನೂ ಸೇರಿಸಿದ್ದಾರೆ, ನಿಜ. ಆದರೆ ಅಲ್ಲಿ ಹೇಳಿರುವುದು ಪ್ರಯೋಜನವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಬೆಂಕಿ ಹಚ್ಚುವುದು, ಗಿಡಗಳನ್ನು ಕಡಿಯುವುದು, ಸುಮ್ಮನೆ ಅಲೆಯುವುದು ಇಂಥವನ್ನು. ದೇಹವನ್ನು ಹದಗೊಳಿಸಿ, ಸೋಲನ್ನು ಸಹಿಸಲು ಕಲಿಸುವ ಸಂಜೆಯ ಒಂದು ಗಂಟೆಯನ್ನು ಆ ಸಾಲಿಗೆ ಸೇರಿಸುವುದು ಶಾಸ್ತ್ರಕ್ಕೂ ಮಗುವಿಗೂ ಮಾಡುವ ಅನ್ಯಾಯ. ಊರ ಹೊರಗಿನ ಕ್ರೀಡಾಕೂಟದಲ್ಲಿ ಪಂದ್ಯ ತಡವಾದಾಗ, ಸೂರ್ಯಾಸ್ತಕ್ಕೆ ಮುನ್ನವೇ ತನ್ನ ಡಬ್ಬಿಯನ್ನು ಬಿಚ್ಚಿ ಉಂಡು ಮುಗಿಸುವ ಹುಡುಗಿ ರಾತ್ರಿಭೋಜನ ತ್ಯಾಗವನ್ನು ಎಷ್ಟೋ ಪ್ರವಚನಗಳು ಕಲಿಸಲಾರದಷ್ಟು ಚೆನ್ನಾಗಿ ಕಲಿತಿರುತ್ತಾಳೆ. ಮನೆಯಲ್ಲಿ ವ್ರತ ಪಾಲಿಸುವುದು ಸುಲಭ. ಗೆಳತಿಯರ ನಡುವೆ ಕಷ್ಟ.

ಹಾಗಾದರೆ ಆಟವನ್ನು ಬಿಡಲೇಬಾರದೇ? ಹಾಗೂ ಅಲ್ಲ. ಪ್ರಶ್ನೆ ಇರುವುದು ಬಿಡಿಸುವ ಪ್ರೇರಣೆ ಯಾವುದೆಂಬಲ್ಲಿ. ಉಮಾಸ್ವಾತಿಗಳ ತತ್ತ್ವಾರ್ಥಸೂತ್ರವು ವ್ರತಿಯ ಮನಸ್ಸಿನಲ್ಲಿ ಶಲ್ಯವಿರಕೂಡದೆಂದು ವಿಧಿಸುತ್ತದೆ. ಶಲ್ಯವೆಂದರೆ ಒಳಗೆ ಮುರಿದು ಉಳಿದ ಮುಳ್ಳು. ಮಾಯೆ, ಮಿಥ್ಯಾತ್ವ, ನಿದಾನ ಎಂದು ಅದು ಮೂರು ಬಗೆ. ನಿದಾನವೆಂದರೆ ಮುಂದೆ ದೊರೆಯಬೇಕಾದ ಭೋಗದ ಮೇಲೆ ಕಣ್ಣಿಟ್ಟು ಇಂದಿನ ಆಚರಣೆಯನ್ನು ಅದಕ್ಕೆ ಒತ್ತೆಯಿಡುವುದು. ಈ ಮಾತನ್ನು ಮೇಲಿನ ಮನೆಗೆ ಅನ್ವಯಿಸಿದರೆ ಮುಜುಗರವಾಗುತ್ತದೆ. ಸೀಟಿಗಾಗಿ ಆಟ ಬಿಡಿಸಬೇಕೆನ್ನುವವರದೂ ಸೀಟಿಗಾಗಿ ಆಟ ಆಡಿಸಬೇಕೆನ್ನುವವರದೂ ಒಂದೇ ಮುಳ್ಳು. ಮಗುವಿನ ಆಟವೂ ಓದೂ ಎರಡೂ ಬೇರಾವುದೋ ವಸ್ತುವಿಗೆ ಒತ್ತೆಯಾಗಿವೆ. ಅಂದಹಾಗೆ, ದೊಡ್ಡಪ್ಪನ ಲೆಕ್ಕ ಲೌಕಿಕವಾಗಿಯೂ ಅಷ್ಟು ಗಟ್ಟಿಯಲ್ಲ. ವೃತ್ತಿಪರ ಕೋರ್ಸುಗಳಲ್ಲಿ ಕ್ರೀಡಾ ಕೋಟಾ ಇರುವುದು ಹೌದು, ಆದರೆ ಅಲ್ಲಿಗೆ ಹೋಬಳಿ ಮಟ್ಟದ ಪ್ರಮಾಣಪತ್ರ ಮುಟ್ಟುವುದಿಲ್ಲ. ಅನಿಲ್ ಕುಂಬ್ಳೆ, ಜಾವಗಲ್ ಶ್ರೀನಾಥ್ ಇಬ್ಬರೂ ಎಂಜಿನಿಯರಿಂಗ್ ಓದಿಯೇ ಭಾರತ ತಂಡದ ಪ್ರಮುಖ ಬೌಲರುಗಳಾದರೆಂದು ಉದಾಹರಿಸುವವರೂ ಇದ್ದಾರೆ. ಅದು ಸಾಧ್ಯವೆಂಬುದಕ್ಕೆ ಸಾಕ್ಷಿಯೇ ಹೊರತು ಎಲ್ಲರ ಮನೆಗೂ ಅನ್ವಯಿಸುವ ನಿಯಮವಲ್ಲ.

ಭರತ-ಬಾಹುಬಲಿಯರ ಕಥೆಯನ್ನು ಈ ಬೆಳಕಿನಲ್ಲಿ ನೋಡಬೇಕು. ಸೈನ್ಯಗಳ ಸಂಹಾರವನ್ನು ತಪ್ಪಿಸಲು ಮಂತ್ರಿಗಳು ಸೂಚಿಸಿದ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳು ಆಯುಧವಿಲ್ಲದ ಸ್ಪರ್ಧೆಗಳೇ. ಮೂರರಲ್ಲೂ ಗೆದ್ದ ಬಾಹುಬಲಿ ಗೆಲುವು ಕೈಗೆ ಬಂದ ಗಳಿಗೆಯಲ್ಲೇ ಎಲ್ಲವನ್ನೂ ಬಿಟ್ಟ. ಸೋಲಿನ ಭಯದಿಂದ ಬಿಟ್ಟಿದ್ದರೆ ಅದನ್ನು ತ್ಯಾಗವೆನ್ನಲು ಬರುತ್ತಿರಲಿಲ್ಲ. ಬಿಟ್ಟ ಮೇಲೂ, ಜನಪ್ರಿಯವಾದ ಕಥೆಯಲ್ಲಿ, ಅಣ್ಣನ ನೆಲದ ಮೇಲೆ ನಿಂತಿರುವೆನೆಂಬ ಎಣಿಕೆಯೊಂದು ಅವನನ್ನು ಕಾಡುತ್ತಿತ್ತು. ಬಳ್ಳಿ ಮೈಗೆ ಹಬ್ಬಿದರೂ, ಹುತ್ತ ಬೆಳೆದರೂ ಆ ಎಣಿಕೆ ಅಳಿಯುವವರೆಗೆ ಕೇವಲಜ್ಞಾನ ಒದಗಲಿಲ್ಲ. ಹೊರಗಿನಿಂದ ಬಿಡಿಸಬಹುದು, ಒಳಗಿನ ಮುಳ್ಳನ್ನು ಬೇರೆಯವರು ಕೀಳಲಾರರು. ತಂದೆ ಬೂಟುಗಳನ್ನು ಬಚ್ಚಿಟ್ಟು ಆಟ ನಿಲ್ಲಿಸಿದ ಮನೆಯಲ್ಲಿ ಮಗಳು ಪುಸ್ತಕದ ಮುಂದೆ ಕುಳಿತಿರುತ್ತಾಳೆ, ಮನಸ್ಸು ಮೈದಾನದಲ್ಲಿರುತ್ತದೆ.

ಈ ಎರಡು ತಾಲ್ಲೂಕುಗಳ ನೆಲದಲ್ಲಿಯೇ ಬಿಡುವುದರ ಎರಡು ಬಗೆಗಳು ಕಲ್ಲಿನಲ್ಲಿ ಉಳಿದಿವೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನವು ಮಯೂರಶರ್ಮನ ಕಥೆಯನ್ನು ಹೇಳುತ್ತದೆ. ಗುರು ವೀರಶರ್ಮರೊಡನೆ ವೇದಾಧ್ಯಯನಕ್ಕೆಂದು ಕಂಚಿಗೆ ಹೋದ ವಿದ್ಯಾರ್ಥಿ, ಪಲ್ಲವರ ಅಶ್ವಾರೋಹಿಯೊಡನೆ ನಡೆದ ಜಗಳದಿಂದ ಅವಮಾನಿತನಾಗಿ, ಕ್ರೋಧದಿಂದ ಕತ್ತಿ ಹಿಡಿದ. ಅವನಿಗೆ ರಾಜ್ಯವೇನೋ ದಕ್ಕಿತು. ಸಿಟ್ಟಿನಿಂದ ಪುಸ್ತಕ ಎಸೆದವರಿಗೆಲ್ಲ ಬನವಾಸಿ ಕಾದಿರುವುದಿಲ್ಲ. ಸಿಟ್ಟಿನಿಂದ ಆಟ ಬಿಟ್ಟವರಿಗೂ ಅಷ್ಟೇ. ಸೊರಬ ತಾಲ್ಲೂಕಿನ ಹಿರೇಆವಲಿಯಲ್ಲಿ ಬೇರೆಯದೇ ಬಗೆಯ ಕಲ್ಲುಗಳಿವೆ. ಸಮಾಧಿಮರಣವನ್ನು ಕೈಗೊಂಡವರ ನೆನಪಿನ ಹಲವಾರು ನಿಸಿಧಿಗಳು ಆ ಒಂದೇ ಊರಿನಲ್ಲಿವೆ. ಅವು ಮುನಿಗಳವಷ್ಟೇ ಅಲ್ಲ. ಊರಗೌಡರ ಮನೆತನದವರೂ ಅವರಲ್ಲಿದ್ದಾರೆ. ಅಷ್ಟು ಹಿರಿದಾದ ವ್ರತಕ್ಕೆ ಮಕ್ಕಳ ಆಟವನ್ನು ಹೋಲಿಸಲಾಗದು. ಆದರೂ ಆ ವ್ರತದ ಕ್ರಮವನ್ನು ಗಮನಿಸಬೇಕು. ಸ್ನೇಹ, ವೈರಗಳನ್ನು ಬಿಟ್ಟು, ಎಲ್ಲರನ್ನೂ ಕ್ಷಮಿಸಿ, ಎಲ್ಲರಿಂದ ಕ್ಷಮೆ ಬೇಡಿ, ಆಹಾರವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುವ ವಿಧಾನವದು. ದೇಹವನ್ನು ಬಿಡುವಾಗಲೂ ಅವಸರವಿಲ್ಲ, ಮುನಿಸಿಲ್ಲ.

ಖೊ-ಖೊ ಅಂಕಣದಲ್ಲಿ ಬೆನ್ನಟ್ಟುವ ತಂಡದ ಒಂಬತ್ತು ಮಂದಿ. ಎಂಟು ಮಂದಿ ಒಬ್ಬರು ಬಿಟ್ಟು ಒಬ್ಬರಂತೆ ಎದುರುಬದುರು ದಿಕ್ಕಿಗೆ ಮುಖಮಾಡಿ ಕುಳಿತಿರುತ್ತಾರೆ, ಒಬ್ಬಳು ಓಡುತ್ತಿರುತ್ತಾಳೆ. ಬೆನ್ನ ಹಿಂದಿನಿಂದ ‘ಖೊ’ ಎಂಬ ಸದ್ದು ಬರುವವರೆಗೆ ಏಳುವಂತಿಲ್ಲ. ಬಂದೊಡನೆ ಏಳದೆ ಇರುವಂತಿಲ್ಲ. ಜೂನ್‌ನಲ್ಲಿ ತಂಡಕ್ಕೆ ಸೇರುತ್ತೇನೆಂದು ಹೇಳಿದ ಹುಡುಗಿ ತಾಲ್ಲೂಕು ಪಂದ್ಯದ ಹಿಂದಿನ ವಾರ ಬರುವುದಿಲ್ಲವೆಂದರೆ ಉಳಿದವರ ತಿಂಗಳುಗಳ ಅಭ್ಯಾಸಕ್ಕೆ ಪೆಟ್ಟು ಬೀಳುತ್ತದೆ. ಸತ್ಯಾಣುವ್ರತವು ಸುಳ್ಳು ಹೇಳದಿರುವುದಕ್ಕಷ್ಟೇ ಸೀಮಿತವೆಂದು ತಿಳಿದವರು ಇಲ್ಲಿ ಎಡವುತ್ತಾರೆ. ಮಗಳು ಕೊಟ್ಟ ಮಾತನ್ನು ಅಪ್ಪ ಮುರಿಸಿದರೆ, ಮಾತು ಮುರಿಯಬಹುದೆಂಬ ಪಾಠವನ್ನು ಅಪ್ಪನೇ ಕಲಿಸಿದಂತಾಗುತ್ತದೆ. ಆ ಪಾಠಕ್ಕೆ 625ರಲ್ಲಿ ಅಂಕವಿಲ್ಲ, ಆದರೆ ಅದು ಮರೆತೂ ಹೋಗುವುದಿಲ್ಲ.

ತ್ಯಾಗಕ್ಕೆ ಸಮಂತಭದ್ರರು ಎರಡು ಹೆಸರುಗಳನ್ನು ಕೊಟ್ಟಿದ್ದಾರೆ. ಜೀವನಪರ್ಯಂತ ಬಿಡುವುದು ಯಮ, ಕಾಲದ ಮಿತಿಯಿಟ್ಟು ಬಿಡುವುದು ನಿಯಮ. ಗೃಹಸ್ಥರಿಗೆ ಇದಕ್ಕಿಂತ ಉಪಕಾರಿಯಾದ ಭೇದ ಇನ್ನೊಂದಿಲ್ಲ. ಹದಿನೈದು ವರ್ಷದ ಹುಡುಗಿಗೆ ಯಮವನ್ನು ಹೇರುವ ಅಗತ್ಯವೇನು? ಈ ವರ್ಷದ ಕ್ರೀಡಾಕೂಟದ ಪಂದ್ಯಗಳು, ತಂಡ ಎಲ್ಲಿಯವರೆಗೆ ಹೋಗುವುದೋ ಅಲ್ಲಿಯವರೆಗೆ, ಮುಗಿಯಲಿ. ಅನಂತರ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಯುವ ತನಕ ತಂಡದ ಅಭ್ಯಾಸಕ್ಕೆ ಹೋಗುವುದಿಲ್ಲವೆಂಬ ನಿಯಮವನ್ನು ಅವಳೇ ತೆಗೆದುಕೊಳ್ಳಲಿ. ತ್ಯಾಗ, ತಪಸ್ಸುಗಳು ಶಕ್ತಿಗೆ ತಕ್ಕಂತಿರಬೇಕೆಂಬುದು ಹದಿನಾರು ಭಾವನೆಗಳಲ್ಲೇ ಸೇರಿದೆ. ಓದಿನ ಹೊರೆಯನ್ನು ಹೊತ್ತೂ ಆಡಬಲ್ಲ ಮಗುವಿಗೆ ಸಂಜೆಯ ಅರ್ಧ ಗಂಟೆಯನ್ನು ಉಳಿಸಿದರೆ ನಷ್ಟವಿಲ್ಲ. ಎರಡರ ನಡುವೆ ಬಳಲುತ್ತಿರುವ ಮಗುವಿಗೆ ಬಿಡುವುದೇ ಹಗುರವೆನಿಸಿದರೆ ಅದರಲ್ಲಿ ಅವಮಾನವೂ ಇಲ್ಲ. ಆದರೆ ಆ ಮಾತು ಅವಳ ಬಾಯಿಂದ ಬರಬೇಕು.

ಪರಿಮಾಣವನ್ನು ಆಟಕ್ಕಷ್ಟೇ ಹಾಕುವುದೂ ನ್ಯಾಯವಲ್ಲ. ಭೋಗೋಪಭೋಗ ಪರಿಮಾಣ ವ್ರತದ ಮಾತೆತ್ತಿದ ಮೇಲೆ ಮನೆಯ ಮೊಬೈಲು, ದೂರದರ್ಶನಗಳೂ ಲೆಕ್ಕಕ್ಕೆ ಬರಬೇಕು. ಮಗಳ ಮೈದಾನದ ಒಂದು ಗಂಟೆಯನ್ನು ಕಿತ್ತುಕೊಂಡು, ಪಕ್ಕದ ಕೋಣೆಯಲ್ಲಿ ತಾವು ರಾತ್ರಿ ಹತ್ತರವರೆಗೆ ಧಾರಾವಾಹಿ ನೋಡುವ ಹಿರಿಯರ ಉಪದೇಶಕ್ಕೆ ತೂಕವೆಲ್ಲಿಂದ ಬಂದೀತು? ನಿಯಮವನ್ನು ಮನೆಯವರೆಲ್ಲ ಸೇರಿ ತೆಗೆದುಕೊಂಡರೆ ಮಗುವಿಗೆ ಅದು ಶಿಕ್ಷೆಯಾಗಿ ಕಾಣುವುದಿಲ್ಲ.

ದೈಹಿಕ ಶಿಕ್ಷಣ ಶಿಕ್ಷಕರಿಗೂ ಗೆಳತಿಯರಿಗೂ ವಿಷಯವನ್ನು ತಿಳಿಸುವವಳು ಮಗಳೇ ಆಗಿರಲಿ. ಅಪ್ಪ ಜೊತೆಗೆ ಹೋಗಿ ಮೈದಾನದ ಅಂಚಿನಲ್ಲಿ ನಿಂತರೆ ಸಾಕು. ಕ್ಷಮಾವಣಿಯ ದಿನವೂ ಹತ್ತಿರದಲ್ಲಿದೆ; ತಂಡದಲ್ಲಿ ಯಾರ ಮನ ನೊಂದಿದ್ದರೂ ಅಂದು ಕೈಮುಗಿದು ಕೇಳಿಕೊಳ್ಳಬಹುದು. ಮನೆಗೆ ಬಂದ ಮೇಲೆ ಬೂಟುಗಳ ಮಣ್ಣನ್ನು ಒರೆಸಿ ಅಟ್ಟದ ಮೇಲಿಡಲಿ. ಅವನ್ನು ಯಾರಿಗೂ ಕೊಟ್ಟುಬಿಡಬಾರದು. ಕೊನೆಯ ಪರೀಕ್ಷೆಯ ಮರುದಿನಕ್ಕೆ ಗೋಡೆಯ ಕ್ಯಾಲೆಂಡರಿನಲ್ಲಿ ಅವಳೇ ಒಂದು ಗುರುತು ಹಾಕಿಕೊಳ್ಳಲಿ.