ಪಾರ್ ಎಂಬ ಲೆಕ್ಕ

2021ರ ಆಗಸ್ಟ್ ತಿಂಗಳು. ಕೊರೋನಾ ಕಾರಣದಿಂದ ಪಾಠವೆಲ್ಲ ಫೋನಿನಲ್ಲೇ ನಡೆಯುತ್ತಿದ್ದ ಕಾಲ. ಒಂದು ಸಂಜೆ ವಿದ್ಯಾರ್ಥಿಯೊಬ್ಬ ಫೋನು ಮಾಡಿ, "ಸರ್, ಒಲಿಂಪಿಕ್ಸಿನ ಗಾಲ್ಫಿನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಅವರಿಗೆ ಮೈನಸ್ 15 ಅಂತೆ. ಸೊನ್ನೆಗಿಂತ ಕಡಿಮೆ ಬಂದವರು ನಾಲ್ಕನೆಯ ಸ್ಥಾನಕ್ಕೆ ಬರುವುದು ಹೇಗೆ?" ಎಂದು ಕೇಳಿದ. ಅಂದು ಕೊಟ್ಟ ಉತ್ತರ ಚಿಕ್ಕದು. ಪೂರ್ಣ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಗಾಲ್ಫ್ ಕೋಲನ್ನು ನಾನು ಕೈಯಲ್ಲಿ ಹಿಡಿದವನಲ್ಲ. ಆದರೆ ಅದರ ಲೆಕ್ಕ ನಮ್ಮ ಮನೆಗಳಿಗೂ ಶಾಲೆಗೂ ಬೇಕಾದದ್ದು ಎಂಬುದು ನನ್ನ ಅಭಿಪ್ರಾಯ.

ಗಾಲ್ಫಿನಲ್ಲಿ ಕಡಿಮೆ ಹೊಡೆತದಲ್ಲಿ ಮುಗಿಸಿದವನೇ ಗೆದ್ದವನು. ಮೈದಾನದಲ್ಲಿ 18 ಕುಳಿಗಳು. ನಿಪುಣನಾದ ಆಟಗಾರನಿಗೆ ಒಂದೊಂದು ಕುಳಿಗೆ ಎಷ್ಟು ಹೊಡೆತ ಸಾಕು ಎಂಬುದನ್ನು ದೂರ ನೋಡಿ ಮೊದಲೇ ಗೊತ್ತುಮಾಡಿರುತ್ತಾರೆ. ಅದೇ ಪಾರ್. ಸಾಮಾನ್ಯವಾಗಿ 3 ಹೊಡೆತದ ಕುಳಿ ನಾಲ್ಕು, 4ರದ್ದು ಹತ್ತು, 5ರದ್ದು ನಾಲ್ಕು, ಒಟ್ಟು 72. ಟೋಕಿಯೊ ಒಲಿಂಪಿಕ್ಸಿನ ಮಹಿಳೆಯರ ಸ್ಪರ್ಧೆಯಲ್ಲಿ ಪಾರ್ 71 ಇತ್ತು. ನಾಲ್ಕು ದಿನಕ್ಕೆ 284. ಅದಿತಿ 269ರಲ್ಲಿ ಮುಗಿಸಿದರು. ಕಂಚು ಪಡೆದವರದು 268. ನಾಲ್ಕು ದಿನಗಳ ಆಟದಲ್ಲಿ ಪದಕ ಕೈತಪ್ಪಿದ್ದು ಒಂದೇ ಒಂದು ಹೊಡೆತದಲ್ಲಿ!

ಹಾಗಾದರೆ 72ರಲ್ಲಿ ಮುಗಿಸಲು ಏನು ಬೇಕು? ಪಾರ್ ಲೆಕ್ಕದೊಳಗೆ ಪ್ರತಿ ಕುಳಿಗೂ ಎರಡು ಮೆಲುಹೊಡೆತ ಸೇರಿದೆ. ಕುಳಿಯ ಸುತ್ತಲಿನ ನುಣುಪಾದ ಹುಲ್ಲಿನ ಮೇಲೆ ಚೆಂಡನ್ನು ಉರುಳಿಸುವ ಈ ಹೊಡೆತಕ್ಕೆ ಪಟ್ ಎಂದು ಹೆಸರು. ಆ ಹುಲ್ಲಿನ ಅಂಗಳಕ್ಕೆ ಗ್ರೀನ್ ಎಂದು ಹೆಸರು. ಅಂದರೆ 36 ಪಟ್, ಗ್ರೀನ್ ತಲುಪಲು 36 ಹೊಡೆತ. ಆದರೆ ವೃತ್ತಿನಿರತ ಶ್ರೇಷ್ಠರೂ 18 ಗ್ರೀನುಗಳನ್ನು ಲೆಕ್ಕದೊಳಗೆ ತಲುಪುವುದಿಲ್ಲ. ಸರಾಸರಿ 12ರ ಆಸುಪಾಸು. ಉಳಿದ ಆರರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಒಂದೇ ಪಟ್‌ನಿಂದ ಸರಿದೂಗಿಸುತ್ತಾರೆ. ಅಮೆರಿಕದ ಲೂಷಿಯಸ್ ರಿಚ್ಚಿಯೊ ಎಂಬವರು ಇದಕ್ಕೊಂದು ಸರಳ ಸೂತ್ರ ಕೊಟ್ಟಿದ್ದಾರೆ: ತಲುಪಿದ ಗ್ರೀನುಗಳ ಸಂಖ್ಯೆಯನ್ನು ಇಮ್ಮಡಿಸಿ 95ರಿಂದ ಕಳೆಯಿರಿ, ಆಟಗಾರನ ಮೊತ್ತ ಸುಮಾರಾಗಿ ಸಿಗುತ್ತದೆ. ಮೂರು ಗ್ರೀನಿಗೆ 89. ಎಂಟಕ್ಕೆ 79. ಹನ್ನೆರಡಕ್ಕೆ 71. ಪಾರ್ ಎಂದರೆ ತಪ್ಪೇ ಇಲ್ಲದ ಆಟವಲ್ಲ, ತಪ್ಪನ್ನು ಅಳತೆಯೊಳಗೆ ಇಟ್ಟ ಆಟ ಎಂಬುದನ್ನು ಮಕ್ಕಳು ಗಮನಿಸಬೇಕು.

ಕೊಲಂಬಿಯಾ ವಿಶ್ವವಿದ್ಯಾಲಯದ ಮಾರ್ಕ್ ಬ್ರಾಡಿ ಎಂಬ ಪ್ರಾಧ್ಯಾಪಕರು ಇನ್ನೂ ಮುಂದೆ ಹೋದರು. ಒಟ್ಟು ಮೊತ್ತವನ್ನು ಬದಿಗಿಟ್ಟು, ಒಂದೊಂದು ಹೊಡೆತವನ್ನೇ ತೂಗಿದರು. ಎಂಟು ಅಡಿ ದೂರದ ಪಟ್ ವೃತ್ತಿಪರರಿಗೂ ಎರಡಕ್ಕೆ ಒಂದು ಸಲ ಮಾತ್ರ ಒಳಬೀಳುತ್ತದೆ. ಅಲ್ಲಿಂದ ಸರಾಸರಿ ಒಂದೂವರೆ ಹೊಡೆತ ಬೇಕು. ಒಂದರಲ್ಲೇ ಮುಗಿಸಿದರೆ ಅರ್ಧ ಹೊಡೆತ ಲಾಭ, ಎರಡಾದರೆ ಅರ್ಧ ನಷ್ಟ. ಹೀಗೆ ಲಾಭನಷ್ಟ ಕೂಡಿಸಿದಾಗ ಕಂಡದ್ದೇನು? ಶ್ರೇಷ್ಠರಿಗೂ ಸಾಧಾರಣರಿಗೂ ಇರುವ ಅಂತರದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು 100 ಗಜಕ್ಕಿಂತ ಆಚೆಯಿಂದ ಹೊಡೆದ ಹೊಡೆತಗಳಿಂದ ಬರುತ್ತದೆ. ಪಟ್‌ನಲ್ಲೇ ಎಲ್ಲ ಅಡಗಿದೆ ಎಂಬ ಹಳೆಯ ನಂಬಿಕೆ ಎಣಿಸಿದಾಗ ನಿಲ್ಲಲಿಲ್ಲ. ಆದರೆ ಇದು ಎಲ್ಲರಿಗೂ ಒಂದೇ ಅಚ್ಚಲ್ಲ. ಅದಿತಿ ಅವರದು ದೂರ ಹೊಡೆಯುವ ಆಟವಲ್ಲ. ಅಲ್ಲಿ ಬಿಟ್ಟುಕೊಟ್ಟದ್ದನ್ನು ಪಟ್‌ನಲ್ಲಿ ಮರಳಿ ಗಳಿಸುವ ಆಟ. ತನ್ನ ಬಲ ಎಲ್ಲಿ, ಸೋರಿಕೆ ಎಲ್ಲಿ ಎಂಬುದನ್ನು ಅವರವರೇ ಎಣಿಸಿ ತಿಳಿಯಬೇಕು.

ಇನ್ನು ನಮ್ಮ ಮನೆಯ ಮಾತು. ಪರೀಕ್ಷೆಯ ಫಲ ಬಂದೊಡನೆ ನಾವು ಕೇಳುವುದು "ಎಷ್ಟು ಎ ಪ್ಲಸ್?" ಎಂದು. ಕಡಿಮೆಯಾದರೆ, "ಇವಳ ತಲೆಗೆ ಗಣಿತ ಹತ್ತದು" ಎಂದೋ "ಕನ್ನಡ ಮಾಧ್ಯಮಕ್ಕೆ ಹಾಕಿದ್ದೇ ತಪ್ಪಾಯಿತು" ಎಂದೋ ತೀರ್ಪು ಕೊಟ್ಟುಬಿಡುತ್ತೇವೆ. ಒಬ್ಬ ಹುಡುಗಿಗೆ ತರಗತಿಯ ಪರೀಕ್ಷೆಯಲ್ಲಿ 40ಕ್ಕೆ 17 ಬಂದಿತ್ತು. ತಂದೆ ವರ್ಗಾವಣೆ ಪತ್ರ ಕೇಳಲು ಬಂದಿದ್ದರು. ಮೂವರೂ ಕುಳಿತು ಕಳೆದುಹೋದ 23 ಅಂಕಗಳನ್ನು ಎಣಿಸಿದೆವು. 11 ಅಂಕದ ಪ್ರಶ್ನೆಗಳನ್ನು ಸಮಯ ಸಾಲದೆ ಮುಟ್ಟಿಯೇ ಇರಲಿಲ್ಲ. 7 ಅಂಕ ಹೋದದ್ದು ಕೂಡಿ ಕಳೆಯುವ ತಪ್ಪಿನಿಂದ. ಪಾಠ ತಿಳಿಯದೆ ಹೋದದ್ದು 5 ಮಾತ್ರ. ಇದರಲ್ಲಿ ಮಾಧ್ಯಮದ ತಪ್ಪು ಯಾವುದು? ತಂದೆ ಉತ್ತರಪತ್ರಿಕೆಯನ್ನು ಮಡಚಿ ಜೇಬಿಗೆ ಹಾಕಿಕೊಂಡು ಮನೆಗೆ ಹೋದರು. ವರ್ಗಾವಣೆ ಪತ್ರ ಕೇಳಲಿಲ್ಲ. ಹುಡುಗಿ ಮರುದಿನದಿಂದ ಗಡಿಯಾರ ಎದುರಿಗಿಟ್ಟು ಲೆಕ್ಕ ಬಿಡಿಸತೊಡಗಿದಳು.

ಮಕ್ಕಳನ್ನು ಅಂಕಿಗಳಿಗೆ ಇಳಿಸಬಾರದು ಎನ್ನುವವರಿದ್ದಾರೆ. ಒಪ್ಪುವ ಮಾತೇ. ಆದರೆ ಈಗಾಗಲೇ ನಾವು ಅವರನ್ನು ಒಂದೇ ಅಂಕಿಗೆ ಇಳಿಸಿದ್ದೇವಲ್ಲ! ಆ ಒಂದು ಅಂಕಿ ಬೈಯುವುದಕ್ಕೆ ಸಾಕು, ತಿದ್ದುವುದಕ್ಕೆ ಸಾಲದು. ತಿದ್ದಲು ಬೇಕಾದದ್ದು ಬಿಡಿ ಲೆಕ್ಕ.

ಟೋಕಿಯೊದಲ್ಲಿ ಅದಿತಿಯವರ ಕೋಲುಗಳ ಚೀಲ ಹೊತ್ತು ಜೊತೆಗೆ ನಡೆದವರು ಅವರ ತಾಯಿ. ಹೊಡೆದವರು ಮಗಳೇ, ತಾಯಿಯಲ್ಲ. ಪೋಷಕರೇ, ನಿಮ್ಮಿಂದ ಕೇಳುವುದೂ ಅಷ್ಟೇ. ಮುಂದಿನ ಉತ್ತರಪತ್ರಿಕೆ ಮನೆಗೆ ಬಂದ ದಿನ ಮೊತ್ತವನ್ನು ಕೈಯಿಂದ ಮುಚ್ಚಿ, ಮಗುವಿನ ಪಕ್ಕದಲ್ಲಿ ಅರ್ಧ ಗಂಟೆ ಕುಳಿತು, ಯಾವ ಅಂಕ ಎಲ್ಲಿ ಹೋಯಿತೆಂದು ಎಣಿಸಿರಿ. ಅಕ್ಷರ ಬಾರದ ತಾಯಿಗೂ ಕೆಂಪು ಶಾಯಿ ಕಾಣುತ್ತದೆ, "ಇದು ಯಾಕೆ ಹೋಯಿತು ಮಗಾ?" ಎಂದು ಕೇಳಿದರೆ ಸಾಕು, ಲೆಕ್ಕ ಹೇಳಬೇಕಾದವರು ಮಕ್ಕಳು.